ಹಳದಿ ಬೆಕ್ಕಿಗೆ, ಬಿಳಿ ಮಗನಿಗೆ

ಕುಮಟಾದ ಓದುಗರೊಬ್ಬರ ಪತ್ರ: "ಮಗ ಜಿಮ್ ಸೇರಿದ್ದಾನೆ. ದಿನಾ ಬೆಳಿಗ್ಗೆ ಐದು ತತ್ತಿ ಬೇಯಿಸಿ, ಬಿಳಿ ಮಾತ್ರ ತಿಂದು ಹಳದಿಯನ್ನು ಬೆಕ್ಕಿಗೆ ಹಾಕುತ್ತಾನೆ. ಕೊಲೆಸ್ಟ್ರಾಲ್ ಏರುತ್ತದಂತೆ. ಬೆಕ್ಕಿನ ಮೈ ಮಾತ್ರ ಮಿರಿಮಿರಿ ಮಿನುಗುತ್ತಿದೆ. ನಮ್ಮಿಬ್ಬರಲ್ಲಿ ಯಾರು ಸರಿ?"

ತಾಯೀ, 'ಮೊಟ್ಟೆ' ಎನ್ನದೆ 'ತತ್ತಿ' ಎಂದು ಬರೆದಿರಲ್ಲ, ಅರ್ಧ ತೀರ್ಪು ಅಲ್ಲಿಯೇ ನಿಮ್ಮ ಪರವಾಯಿತು. ಮಗನ ಮಾತಿನಲ್ಲೂ ಹುರುಳಿಲ್ಲದಿಲ್ಲ. ಬಿಳಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಕಾಯಿಲೆಯವರು, ಹೃದಯದ ತೊಂದರೆಯವರು ಎಷ್ಟು ಹಳದಿ ತಿನ್ನಬೇಕೆಂದು ಅವರ ವೈದ್ಯರೇ ಹೇಳಬೇಕು, ನಾನಲ್ಲ. ಆದರೆ ಜಿಮ್‌ನಲ್ಲಿ ಕಬ್ಬಿಣ ಎತ್ತುವ ಹುಡುಗನಿಗೆ ಈ ಭಯವೇಕೆ?

ಈ ಭಯಕ್ಕೂ ಒಂದು ಚರಿತ್ರೆಯಿದೆ. 1913ರಲ್ಲಿ ರಷ್ಯಾದ ವಿಜ್ಞಾನಿ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿದಾಗ ಅವುಗಳ ರಕ್ತನಾಳಗಳು ಕೆಟ್ಟವು. ಮೊಲ ಹುಟ್ಟಾ ಸಸ್ಯಾಹಾರಿ, ಕೊಲೆಸ್ಟ್ರಾಲ್ ಅದರ ಮೇವೇ ಅಲ್ಲ ಎಂಬುದನ್ನು ಆಮೇಲೆ ಹಲವರು ಮರೆತರು. 1968ರಲ್ಲಿ ಅಮೆರಿಕದ ಹೃದಯ ಸಂಘ ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಬೇಡ ಎಂದಿತು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಎಂಬ ಮಿತಿಯನ್ನು ಅದೇ ದೇಶದ ಆಹಾರ ಮಾರ್ಗಸೂಚಿ 2015ರ ಹೊತ್ತಿಗೆ ಕೈಬಿಟ್ಟಿತು. ನಮ್ಮ ಮೈಗೆ ಬೇಕಾದ ಕೊಲೆಸ್ಟ್ರಾಲ್‌ನ ಬಹುಪಾಲನ್ನು ಯಕೃತ್ತೂ ಸೇರಿದಂತೆ ನಮ್ಮ ಮೈಯೇ ತಯಾರಿಸುತ್ತದೆ. ಅಮೆರಿಕ ಆ ಮಿತಿಯನ್ನು ಕೈಬಿಟ್ಟ ಸುದ್ದಿ ಕುಮಟಾದ ಜಿಮ್‌ಗೆ ಇನ್ನೂ ತಲುಪಿಲ್ಲ.

ಈಗ ಬೆಕ್ಕಿನ ತಟ್ಟೆಯನ್ನು ನೋಡೋಣ. ಎ, ಡಿ, ಇ, ಕೆ ಜೀವಸತ್ವಗಳು, ಬಿ12ರ ಬಹುಪಾಲು, ಮಿದುಳಿಗೆ ಬೇಕಾದ ಕೋಲಿನ್, ಕಣ್ಣಿಗೆ ಒಳಿತಾದ ಲುಟೀನ್ ಎಲ್ಲವೂ ಅಲ್ಲಿವೆ. ಬಿಳಿಯ ಪಾಲಿಗೆ ಉಳಿದದ್ದು ನೀರು, ಪ್ರೋಟೀನ್, ಒಂದಿಷ್ಟು ರೈಬೊಫ್ಲೇವಿನ್ ಎಂಬ ಬಿ2 ಜೀವಸತ್ವ. ಆ ಪ್ರೋಟೀನಾದರೂ ಬಿಳಿಯ ಏಕಸ್ವಾಮ್ಯವೇ? ಒಂದು ತತ್ತಿಯ ಸುಮಾರು 6 ಗ್ರಾಂ ಪ್ರೋಟೀನ್‌ನಲ್ಲಿ ಎರಡೂವರೆ ಗ್ರಾಂಗೂ ಹೆಚ್ಚು ಹಳದಿಯಲ್ಲಿದೆ. ಅಂದರೆ ದಿನಕ್ಕೆ ಹದಿಮೂರು ಗ್ರಾಂನಷ್ಟು ಪ್ರೋಟೀನ್ ಬೆಕ್ಕಿನ ತೋಳಿಗೆ ಸೇರುತ್ತಿದೆ! ಹಸಿ ಬಿಳಿಯನ್ನು ಕುಡಿಯುವ ಚಟ ಅಂಟಿದ್ದರೆ ಅದನ್ನೂ ಬಿಡಿಸಿ. ಅದರಲ್ಲಿರುವ ಅವಿಡಿನ್ ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟು ಮೈಗೆ ಹತ್ತಲು ಬಿಡುವುದಿಲ್ಲ. ಬೇಯಿಸಿದರೆ ಆ ಕಾಟವಿಲ್ಲ.

ಜೀವಸತ್ವದ ಜಾಡು ತೋರಿಸಿದ್ದೇ ಕೋಳಿ. 1890ರ ದಶಕದಲ್ಲಿ ಜಾವಾದ ಬಟಾವಿಯಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಸೇನಾ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ ಅವುಗಳ ಮೇವಾಗಿತ್ತು. ಹೊಸದಾಗಿ ಬಂದ ಅಡುಗೆಯವನು ಸೇನೆಯ ಅಕ್ಕಿಯನ್ನು ಕೋಳಿಗೆ ಕೊಡುವುದಿಲ್ಲ ಎಂದು ಹಟ ಹಿಡಿದ. ತೌಡು ಉಳಿದ ಅಕ್ಕಿ ತಿಂದ ಕೋಳಿಗಳು ಎದ್ದು ಓಡಾಡಿದವು; ಅವುಗಳನ್ನು ಎಬ್ಬಿಸಿದ್ದು ತೌಡಿನಲ್ಲಿದ್ದ ಜೀವಸತ್ವ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ.

ನನ್ನ ಸಂಕಟವಿರುವುದು ಈ ಬಿಳಿಯ ಮೋಹದಲ್ಲಿಯೇ. ಅಂಕೋಲೆಯ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಿ ಕೆಂಪು ಕುಚ್ಚಲಕ್ಕಿಯ ಗಂಜಿಯನ್ನೇ ಬಡಿಸುತ್ತಿದ್ದಳು. ಭತ್ತವನ್ನು ಕುದಿಸುವಾಗ ತೌಡಿನ ಸತ್ವ ಕಾಳಿನೊಳಗೆ ಇಳಿಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದೇ ಮನೆಗೆ ಈಗ ಮಲ್ಲಿಗೆಯಂಥ ಬಿಳಿ ಅಕ್ಕಿಯ ಚೀಲ ಬರುತ್ತದೆ. ಜೋನಿಬೆಲ್ಲದ ಡಬ್ಬಿಯ ಜಾಗದಲ್ಲಿ ಬಿಳಿ ಸಕ್ಕರೆ ಕುಳಿತಿದೆ. ತೌಡು ದನಕ್ಕೆ, ಹಳದಿ ಬೆಕ್ಕಿಗೆ, ಮಾತ್ರೆ ನಮಗೆ. ಕಾರವಾರದ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ತರುಣನೊಬ್ಬ ಬಿ12 ಮತ್ತು ಡಿ ಮಾತ್ರೆಗಳನ್ನು ಕೊಂಡು, ಪಕ್ಕದವನಿಗೆ ಹಳದಿ ತಿನ್ನುವುದರ ಅಪಾಯ ವಿವರಿಸುತ್ತಿದ್ದ. ನಾನು ಕೆಮ್ಮಿದೆ. ಅವನು ಮಾಸ್ಕ್ ಏರಿಸಿಕೊಂಡ.

ಊರ ಕೋಳಿಯ ತತ್ತಿಯೇ ಆಗಬೇಕೆಂಬ ಹಟ ಬೇಡ. ಚಿಪ್ಪಿನ ಬಣ್ಣ ತಳಿಯದ್ದು, ಹಳದಿಯ ಗಾಢತೆ ಮೇವಿನದು. ಬಿಸಿಲಲ್ಲಿ ಮೇದ ಕೋಳಿಯ ತತ್ತಿಯಲ್ಲಿ ಡಿ ಜೀವಸತ್ವ ಹೆಚ್ಚಿರುತ್ತದೆ, ಅಷ್ಟೇ. ನಾಳೆ ಕುಮಟಾದ ಸಿಹಿ ಈರುಳ್ಳಿ ಹೆಚ್ಚಿ ಹಾಕಿ, ಎರಡು ತತ್ತಿಗಳನ್ನು ಹಳದಿಸಹಿತ ಒಡೆದು ಮಗನ ಮುಂದಿಡಿ. ಬೆಕ್ಕಿಗೆ ಬಂಗಡೆಯ ತಲೆ ಇದ್ದೇ ಇದೆ.

— ಸಂಪಾದಕ