ಈ ಸಲ ಕ್ರಿಸ್ಮಸ್ ಊಟ ನನ್ನಿಂದಾಗದು ಅಂತ ಅತ್ತೆಗೆ ಹೇಳೋದು ಹೇಗೆ?

ಪ್ರಶ್ನೆ: ನನಗೆ 38 ವರ್ಷ, ಮದುವೆಯಾಗಿ 11 ವರ್ಷ. 9 ಮತ್ತು 6 ವರ್ಷದ ಇಬ್ಬರು ಮಕ್ಕಳಿದ್ದಾರೆ. ನಾನೂ ಕೆಲಸಕ್ಕೆ ಹೋಗುತ್ತೇನೆ. ಗಂಡನ ಮನೆಯವರೆಲ್ಲರ ಕ್ರಿಸ್ಮಸ್ ಊಟ ಪ್ರತಿ ವರ್ಷ ನಮ್ಮಲ್ಲೇ. 19 ಜನಕ್ಕೆ ಉಡುಗೊರೆ ತರುವುದು, ಸುತ್ತುವುದು, ಮನೆ ಅಲಂಕಾರ, ಕಾರ್ಡು, ಅಡುಗೆ, ಎಲ್ಲಾ ನನ್ನ ಮೇಲೆ. ಹೋದ ಸಲ ಇದಕ್ಕೆ ಮಾಡಿದ ಕ್ರೆಡಿಟ್ ಕಾರ್ಡ್ ಸಾಲ ತೀರಿದ್ದು ಮೇ ತಿಂಗಳಲ್ಲಿ. ಹೋದ ಕ್ರಿಸ್ಮಸ್ ರಾತ್ರಿ ಎಲ್ಲರೂ ಹೊರಟ ಮೇಲೆ ಹನ್ನೊಂದೂವರೆಗೆ ಪಾತ್ರೆ ತಿಕ್ಕುತ್ತಾ ನಿಂತಿದ್ದಾಗ ಚಿಕ್ಕವಳು ನಿದ್ದೆಯಿಂದ ಎದ್ದು ಬಂದು “ಅಮ್ಮಾ, ನಿಂಗೆ ಯಾರ ಮೇಲೆ ಕೋಪ?” ಅಂದಳು. ಈ ವರ್ಷ ಚರ್ಚಿಗೆ ಹೋಗಿ ಬಂದು ಮನೆಯಲ್ಲಿ ಸುಮ್ನೆ ಇರಬೇಕು ಅನಿಸುತ್ತಿದೆ. ಗಂಡನಿಗೆ ಹೇಳಿದರೆ “ಒಂದು ದಿನ ತಾನೇ, ಅಮ್ಮ ಬೇಜಾರು ಮಾಡ್ಕೋತಾರೆ” ಅನ್ನುತ್ತಾರೆ. ನಾದಿನಿ ಆಗಲೇ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಮಕ್ಕಳಿಗೆ ಏನೇನು ಬೇಕು ಅಂತ ಪಟ್ಟಿ ಹಾಕಿದ್ದಾಳೆ. ಮೂರು ಉಡುಗೊರೆ ತಂದೂ ಆಗಿದೆ. ಯಾರಿಗೂ ಹೇಳದೆ 23ಕ್ಕೇ ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಹೋಗಿಬಿಡಲಾ ಅಂತಲೂ ಯೋಚಿಸಿದೆ. ನಾನು ಸ್ವಾರ್ಥಿಯಾಗುತ್ತಿದ್ದೇನಾ? ದೇವರ ಹಬ್ಬವನ್ನು ಹೀಗೆ ಬಿಡುವುದು ತಪ್ಪಲ್ವಾ?

ಉತ್ತರ: ನಿಮ್ಮ ಪುಟ್ಟ ಮಗಳ ಮಾತು ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. ಸಿಂಕಿನ ತುಂಬಾ ಜಿಡ್ಡು ಪಾತ್ರೆ, ಹಾಲ್‌ನಲ್ಲಿ ಹರಿದು ಬಿಸಾಡಿದ ಬಣ್ಣದ ಕಾಗದದ ರಾಶಿ, ಆರಿಸಲು ಮರೆತ ಸೀರಿಯಲ್ ಲೈಟು ಇನ್ನೂ ಮಿಣುಗುಟ್ಟುತ್ತಿದೆ, ಇಷ್ಟರ ಮಧ್ಯೆ ಆ ಮಗು ನೋಡಿದ್ದು ನಿಮ್ಮ ಮುಖವನ್ನು ಮಾತ್ರ. ವರ್ಷದಲ್ಲೇ ಅತಿ ಜಾಸ್ತಿ ದುಡಿದ ದಿನ ನೀವು ನಿಮ್ಮ ಮಗಳಿಗೆ ಕೋಪದಲ್ಲಿರುವ ಹಾಗೆ ಕಂಡಿರಿ. ಸುತ್ತಿ ಬಳಸಿ ಹೇಳುವುದಿಲ್ಲ, ಈ ವರ್ಷ ಬಿಡಿ. ನನ್ನ ತಕರಾರು ಇರುವುದು ನೀವು ಬಿಡಬೇಕೆಂದುಕೊಂಡಿರುವ ರೀತಿಯ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆ, ಯಾಕೆಂದರೆ ಅದು ಮುಳ್ಳಿನ ಹಾಗೆ ಒಳಗೆ ಕೂತು ಚುಚ್ಚುತ್ತಿರುತ್ತದೆ. ತಪ್ಪಲ್ಲ. ಯೇಸು ಹುಟ್ಟಿದ ಕಥೆ ಹೇಳುವುದು ಮತ್ತಾಯ ಮತ್ತು ಲೂಕ ಇಬ್ಬರೇ. ಆ ಎರಡು ಸುವಾರ್ತೆಗಳಲ್ಲಿ ಹುಟ್ಟಿದ ತಾರೀಕೂ ಇಲ್ಲ, ಇದನ್ನು ಪ್ರತಿ ವರ್ಷ ಹೀಗೇ ಆಚರಿಸಿ ಅನ್ನುವ ಮಾತೂ ಇಲ್ಲ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಎಲ್ಲ ದಿನವೂ ದೇವರದ್ದೇ ಅಂತ ಹಳೆಯ ಕಾಲದಲ್ಲಿ ಯಾವ ಹಬ್ಬವನ್ನೂ ವಿಶೇಷವಾಗಿ ಆಚರಿಸುತ್ತಿರಲಿಲ್ಲ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ ಹಬ್ಬವನ್ನೇ ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಈ ಹಬ್ಬ ಮಾಡಿದವರಿಗೆ 5 ಶಿಲಿಂಗ್ ದಂಡ ಇತ್ತು. ಹೀಗೆ ರದ್ದು ಮಾಡಿದವರು, ದಂಡ ಹಾಕಿದವರು ದೇವರನ್ನು ನಂಬದವರಲ್ಲ, ಬೈಬಲ್ಲನ್ನು ಬಿಟ್ಟು ಕದಲದ ಪ್ಯೂರಿಟನ್ ಪಂಥದ ಕ್ರೈಸ್ತರು. ಇನ್ನೊಬ್ಬರ ಸಂತೋಷಕ್ಕೆ ದಂಡ ಹಾಕುವುದು ನನಗೆ ಒಂಚೂರೂ ಒಪ್ಪಿಗೆಯಿಲ್ಲ. ಆದರೆ ಹಬ್ಬದ ಗದ್ದಲ ಬೇಡ ಅಂದ ಮಾತ್ರಕ್ಕೆ ಭಕ್ತಿ ಕಡಿಮೆ ಅಂತ ಯಾರಾದರೂ ಹೇಳಿದರೆ ಇವರೆಲ್ಲ ನೆನಪಾಗಲಿ. ಸ್ಕಾಟ್ಲೆಂಡಿನಲ್ಲಂತೂ ಡಿಸೆಂಬರ್ 25 ಸಾರ್ವಜನಿಕ ರಜೆಯಾಗಿದ್ದೇ 1958ರಲ್ಲಿ.

ಇನ್ನು ನೀವು ಯಾವುದನ್ನು ಬಿಟ್ಟರೆ ಪಾಪ ಅಂತ ಹೆದರುತ್ತಿದ್ದೀರೋ ಆ ಕೆಲಸಗಳಲ್ಲಿ ಎಷ್ಟೋ ನಾವು ಅಂದುಕೊಂಡಷ್ಟು ಹಳೆಯವಲ್ಲ. ಕಾರ್ಡಿನ ಕಥೆಯನ್ನೇ ನೋಡಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅನ್ನುವವರಿಗೆ ಹಬ್ಬದ ಹೊತ್ತಿಗೆ ಬಂದು ಬೀಳುವ ಪತ್ರಗಳಿಗೆಲ್ಲ ಕೂತು ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಜಾನ್ ಹಾರ್ಸ್ಲಿ ಅನ್ನುವ ಚಿತ್ರಕಾರನ ಹತ್ತಿರ ಒಂದು ಚಿತ್ರ ಬರೆಸಿ, ಶುಭಾಶಯ ಸೇರಿಸಿ ಅಚ್ಚು ಹಾಕಿಸಿದರು. ಮೊದಲ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದು ಹೀಗೆ. ಒಬ್ಬ ಮನುಷ್ಯ ತನ್ನ ಕೆಲಸ ಹಗುರ ಮಾಡಿಕೊಳ್ಳಲು ಕಂಡುಕೊಂಡ ದಾರಿ ಅದು, ಈಗ ನೀವು ಅದೇ ಕಾರ್ಡು ಬರೆಯಲು ರಾತ್ರಿ ನಿದ್ದೆ ಕೆಡುತ್ತಿದ್ದೀರಿ! ಮನೆಯೊಳಗಿನ ಮರವೂ ಹಾಗೇ, ಜರ್ಮನಿಯ ಕಡೆ ಮೊದಲೇ ಇತ್ತು ನಿಜ, ಆದರೆ ಇಂಗ್ಲೆಂಡಿನ ಮನೆಮನೆಯವರು ಅದನ್ನು ಬಯಸಲು ಶುರುಮಾಡಿದ್ದು 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಒಂದು ಪತ್ರಿಕೆಯಲ್ಲಿ ಬಂದ ಮೇಲೆ. ಇವು ಚೆಂದದ ರೂಢಿಗಳು, ಇಷ್ಟವಿದ್ದವರು ಮಾಡಲಿ. ಆಜ್ಞೆಗಳಲ್ಲ.

ಉಡುಗೊರೆಯ ಬಗ್ಗೆ ಒಂದು ಮಾತು. 1993ರಲ್ಲಿ ಜೋಯಲ್ ವಾಲ್ಡ್‌ಫೋಗೆಲ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ವಿದ್ಯಾರ್ಥಿಗಳನ್ನು ಕೇಳಿದರು: ನಿಮಗೆ ಬಂದ ಕ್ರಿಸ್ಮಸ್ ಉಡುಗೊರೆಗಳನ್ನು ನೀವೇ ಕೊಳ್ಳುವುದಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ? ಅವರ ಲೆಕ್ಕದಲ್ಲಿ ಉಡುಗೊರೆಯ ಬೆಲೆಯಲ್ಲಿ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸುಮ್ಮನೆ ಪೋಲಾಗುತ್ತಿತ್ತು. ಅದರಲ್ಲೂ ದೂರದ ನೆಂಟರು ಕೊಟ್ಟದ್ದರಲ್ಲಿ ಪೋಲು ಹೆಚ್ಚು. ಪ್ರೀತಿಯನ್ನು ಹೀಗೆ ಅಳೆಯಲಾಗದು, ಗೊತ್ತು. ಆದರೆ ನಿಮ್ಮ 19 ಜನರ ಪಟ್ಟಿಯಲ್ಲಿ ಯಾರ ಮುಖ ನೆನೆದು, ಇದು ಅವರಿಗೇ ಸರಿ ಅಂತ ಖುಷಿಯಿಂದ ತಂದಿರಿ, ಯಾರಿಗೆ ಅಂಗಡಿ ಮುಚ್ಚುವ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿರಿ ಅಂತ ನೀವೇ ಒಮ್ಮೆ ಎಣಿಸಿ ನೋಡಿ. ಎರಡನೆಯ ಸಾಲಿನ ಉಡುಗೊರೆಗಳಿಗಾಗಿ ಮೇ ತನಕ ಸಾಲ ತೀರಿಸಿದ್ದೀರಿ.

ಈಗ ನನ್ನ ತಕರಾರು.

ಲೂಕನ ಸುವಾರ್ತೆಯಲ್ಲಿ ಮಾರ್ಥಳ ಕಥೆ ನಿಮಗೆ ಗೊತ್ತೇ ಇದೆ. ಯೇಸು ಮನೆಗೆ ಬಂದಾಗ ತಂಗಿ ಮರಿಯ ಅವರ ಕಾಲ ಬಳಿ ಕೂತು ಮಾತು ಕೇಳುತ್ತಾಳೆ, ಮಾರ್ಥ ಮಾತ್ರ ಉಪಚಾರದ ಕೆಲಸದಲ್ಲಿ ಮುಳುಗಿ ಸೋತು ಹೋಗುತ್ತಾಳೆ. ಇದರ ಮೇಲೆ ಕೇಳಿದ ಪ್ರಸಂಗಗಳಲ್ಲೆಲ್ಲ ಮಾರ್ಥಳಿಗೇ ಬೈಗುಳ. ನನಗೆ ಅವಳನ್ನು ಕಂಡರೆ ಪಾಪ ಅನಿಸುತ್ತದೆ, ಅಡುಗೆ ಯಾರಾದರೂ ಮಾಡಲೇಬೇಕಿತ್ತಲ್ವಾ? ಆದರೆ ಆ ಕಥೆಯಲ್ಲಿ ಒಂದು ಸಣ್ಣ ವಿಷಯ ಇದೆ, ಅದನ್ನು ನಾನು ಗಮನಿಸಿದ್ದು ತೀರಾ ಈಚೆಗೆ. ಮಾರ್ಥ ಬಂದು ತಂಗಿಗೆ “ಎದ್ದು ಬಾರೇ, ಕೈ ಹಾಕು” ಅನ್ನುವುದಿಲ್ಲ. ಬಂದ ಅತಿಥಿಯ ಹತ್ತಿರ ಹೋಗಿ, ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ, ನಿಮಗೆ ಚಿಂತೆಯೇ ಇಲ್ಲವಾ, ನನಗೆ ನೆರವಾಗಲು ನೀವೇ ಅವಳಿಗೆ ಹೇಳಿ ಅನ್ನುತ್ತಾಳೆ. ಹೇಳಬೇಕಾದವಳಿಗೆ ಬಿಟ್ಟು ಬೇರೆಯವರಿಗೆ ಹೇಳಿದಳು.

ನೀವೂ ಅದನ್ನೇ ಮಾಡುತ್ತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಗಂಡನಿಗೆ ಹೇಳಿದಿರಿ, ನನಗೆ ಬರೆದಿರಿ, ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಿರಿ. ಅತ್ತೆಗೆ 11 ವರ್ಷದಲ್ಲಿ ಒಂದು ಸಲವಾದರೂ “ಅತ್ತೆ, ನನಗೆ ಇದು ಕಷ್ಟ ಆಗ್ತಿದೆ” ಅಂದಿದ್ದೀರಾ? ಪತ್ರದಲ್ಲಿ ಅದು ಎಲ್ಲೂ ಇಲ್ಲ. ನೀವು ನಗುನಗುತ್ತಾ ಬಡಿಸುವುದನ್ನೇ ಅವರು ನೋಡಿರುವುದು. ಸೊಸೆಗೆ ಇದೆಲ್ಲ ಇಷ್ಟ ಅಂತಲೇ ನಂಬಿಕೊಂಡಿರಬಹುದು.

ಅದಕ್ಕೇ 23ಕ್ಕೆ ಹೇಳದೆ ಹೋಗುವ ಯೋಚನೆ ಬಿಟ್ಟುಬಿಡಿ. ಹಾಗೆ ಹೋದರೆ ಹಬ್ಬ ಬಿಟ್ಟ ಹಾಗಾಗುವುದಿಲ್ಲ, ಮನೆಯವರನ್ನು ಬಿಟ್ಟ ಹಾಗಾಗುತ್ತದೆ. ಮುಂದಿನ ಹತ್ತು ವರ್ಷ ಎಲ್ಲರೂ ಮಾತಾಡುವುದು ನೀವು ಓಡಿಹೋದ ಕ್ರಿಸ್ಮಸ್ಸಿನ ಬಗ್ಗೆ. ನಿಮಗೆ ಯಾಕೆ ಸಾಕಾಗಿತ್ತು ಅನ್ನುವುದು ಯಾರಿಗೂ ತಿಳಿಯುವುದೇ ಇಲ್ಲ.

ಬೇಗ ಹೇಳಿ, ಈ ವಾರವೇ. ಡಿಸೆಂಬರ್ 20ಕ್ಕೆ “ಆಗಲ್ಲ” ಅಂದರೆ ಅದು ಏಟು, ಈಗ ಹೇಳಿದರೆ ಅದು ಸುದ್ದಿ. ಬೇರೆ ಏರ್ಪಾಡು ಮಾಡಿಕೊಳ್ಳಲು ಅವರಿಗೂ ಸಮಯ ಇರುತ್ತದೆ. ಊಟದ ವಿಷಯ ಹೇಳಬೇಕಾದವರು ನಿಮ್ಮ ಗಂಡ, ಅದೂ ನೀವು ಪಕ್ಕದಲ್ಲಿ ಕೂತಿರುವಾಗ. ಅವರ ತಾಯಿ, ಅವರೇ ಬಾಯಿ ಬಿಡಬೇಕು. ಇಲ್ಲದಿದ್ದರೆ ಸೊಸೆ ಮಗನನ್ನು ತಿರುಗಿಸಿದಳು ಅನ್ನುವ ಮಾತು ಬರುತ್ತದೆ. ಅವರು “ಒಂದು ದಿನ ತಾನೇ” ಅಂದರೆ ವಾದಕ್ಕೆ ಇಳಿಯಬೇಡಿ. ಒಂದು ಕಾಗದ ತಗೊಂಡು ಹೋದ ವರ್ಷ ನವೆಂಬರಿನಿಂದ ಹಬ್ಬಕ್ಕಾಗಿ ನೀವು ಮಾಡಿದ ಕೆಲಸಗಳನ್ನೆಲ್ಲ ಒಂದೊಂದಾಗಿ ಬರೆದು ಅವರ ಕೈಗೆ ಕೊಡಿ, ಯಾವ ಅಳತೆಯ ಬಟ್ಟೆ ಅಂತ ನಾದಿನಿಗೆ ಮಾಡಿದ ಫೋನೂ ಸೇರಿಸಿ. ಓದಲಿ. ನಿಮ್ಮ ಗಂಡ ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ತಾವು ಕೈ ಹಾಕದ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಗ್ರೂಪಿಗೆ ನೀವೇ ಹಾಕಿ, ಇಷ್ಟೇ ಸಾಕು: “ಎಲ್ಲರಿಗೂ ಒಂದು ಮಾತು. ಈ ವರ್ಷದಿಂದ ನಮ್ಮ ಮನೆಯಿಂದ ಕ್ರಿಸ್ಮಸ್ ಉಡುಗೊರೆ ಇರೋದಿಲ್ಲ, ನಮಗೂ ಯಾರೂ ತರಬೇಡಿ. ಊಟವನ್ನೂ ಈ ಸಲ ನಾವು ಇಟ್ಟುಕೊಳ್ತಿಲ್ಲ. ರಜೆಯಲ್ಲಿ ಒಂದು ದಿನ ಎಲ್ಲರನ್ನೂ ನೋಡೋಕೆ ಬರ್ತೀವಿ.” ಕಾರಣ ಬರೆಯಬೇಡಿ. ಹುಷಾರಿಲ್ಲ ಅಂದರೆ “ನಾವೇ ಬಂದು ಮಾಡ್ತೀವಿ ಬಿಡು” ಅನ್ನುತ್ತಾರೆ, ದುಡ್ಡಿಲ್ಲ ಅಂದರೆ ಯಾರೋ ಒಬ್ಬರು ಕೊಡಲು ಬರುತ್ತಾರೆ, ಕೆಲಸ ಜಾಸ್ತಿ ಅಂದರೆ ಅವರವರ ಕೆಲಸದ ಕಥೆ ಶುರುವಾಗುತ್ತದೆ. ನಾದಿನಿ ಫೋನ್ ಮಾಡಿ ಕೇಳಿಯೇ ಕೇಳುತ್ತಾಳೆ. “ಯೋಚನೆ ಮಾಡಿಯೇ ಹೇಳಿದೀನಿ ಕಣೆ, ಬೇಜಾರು ಮಾಡ್ಕೋಬೇಡ” ಅನ್ನಿ. ಎರಡನೇ ಸಲ ಕೇಳಿದರೂ ಅದೇ ಮಾತು ಅನ್ನಿ. ಆಫೀಸಿನಲ್ಲಿ ಚೀಟಿ ಎತ್ತಿ ಗುಟ್ಟಾಗಿ ಉಡುಗೊರೆ ಕೊಡುವ ಸೀಕ್ರೆಟ್ ಸಾಂತಾ ಇದ್ದರೆ ಅದಕ್ಕೂ ಈ ಸಲ ನನ್ನ ಹೆಸರು ಬೇಡ ಅಂದರೆ ಮುಗಿಯಿತು, ಅದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಬೇಡ.

ಅತ್ತೆಯ ವಿಷಯ ಮಾತ್ರ ಬೇರೆ. ಗಂಡ ಹೇಳಿದ ಮೇಲೆ ಒಂದು ಸಂಜೆ ನೀವೊಬ್ಬರೇ ಅವರ ಹತ್ತಿರ ಹೋಗಿ ಕೂತು ಕೇಳಿ, “ಅತ್ತೆ, ಕ್ರಿಸ್ಮಸ್ಸಿನಲ್ಲಿ ನಿಮಗೆ ಬೇಕೇ ಬೇಕು ಅನ್ನೋದು ಯಾವುದು?” ಅಂತ. 19 ಜನರ ಊಟ ಅಂತ ಹೇಳುತ್ತಾರೆ ಅನ್ನುವುದು ನನಗೆ ಅನುಮಾನ. ಮಧ್ಯರಾತ್ರಿಯ ಪೂಜೆಗೆ ಮೊಮ್ಮಕ್ಕಳು ಪಕ್ಕದಲ್ಲಿ ಕೂರಬೇಕು ಅನ್ನಬಹುದು. ಮಾವನ ನೆನಪಿನ ಏನಾದರೊಂದು ಇರಬಹುದು. ಅದು ನಿಮ್ಮ ಕೈಲಾಗುವ ಒಂದೇ ಒಂದು ಕೆಲಸವಾದರೆ ಮಾಡಿ, ಮನಸ್ಸಿಟ್ಟು ಮಾಡಿ. ಅದು 25ನೇ ತಾರೀಕಿಗೇ ಆಗಬೇಕು ಅಂತಲೂ ಇಲ್ಲ. ಚರ್ಚಿನ ಪಂಚಾಂಗದಲ್ಲಿ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಇರುವುದು ಸುಮ್ಮನಿದ್ದು ಕಾಯುವುದಕ್ಕೆ. ಹಬ್ಬದ ಸಂಭ್ರಮ ಶುರುವಾಗುವುದೇ 25ಕ್ಕೆ, ಅಲ್ಲಿಂದ ಜನವರಿ 6ರವರೆಗೂ ಅದು ನಡೆಯುತ್ತದೆ. ಡಿಸೆಂಬರ್ ಪೂರ್ತಿ ಓಡಾಡಿ 25ರ ರಾತ್ರಿ ಕುಸಿದು ಬೀಳುವುದು ಹಬ್ಬವನ್ನು ತಲೆಕೆಳಗು ಮಾಡಿದ ಹಾಗೆ. ಜನವರಿ 2ಕ್ಕೋ 3ಕ್ಕೋ ಅತ್ತೆಯ ಮನೆಗೆ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಅವರ ಜೊತೆ ಕೂತುಕೊಳ್ಳಿ. ಆಗಲೂ ಅದು ಕ್ರಿಸ್ಮಸ್ಸೇ.

ಅವರಿಗೆ ಬೇಜಾರಾಗುತ್ತದೆ. ಆಗಲಿ ಬಿಡಿ, ಅದನ್ನು ತಡೆಯಲು ನಿಮ್ಮಿಂದ ಆಗುವುದಿಲ್ಲ. ಬೇಜಾರು ಮಾಡಿಕೊಂಡವರೆಲ್ಲ ಸಂಬಂಧ ಕಡಿದುಕೊಳ್ಳುವುದಿಲ್ಲ. ಎರಡು ದಿನ ಮಾತು ಕಮ್ಮಿಯಾದರೆ ಗಾಬರಿಯಾಗಿ “ಸರಿ, ನಮ್ಮಲ್ಲೇ ಮಾಡೋಣ” ಅಂದುಬಿಡಬೇಡಿ. ಹಾಗಂದರೆ ಮುಂದಿನ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಮಕ್ಕಳನ್ನು ಬೇರೆ ಬೇರೆಯಾಗಿ ಕರೆದು, ಹೋದ ಕ್ರಿಸ್ಮಸ್ಸಿನಲ್ಲಿ ಏನು ನೆನಪಿದೆ ಅಂತ ಕೇಳಿ. ನಕ್ಷತ್ರ ನೇತು ಹಾಕಿದ್ದು, ಗೋದಲಿಯ ಕುರಿಯ ಕಾಲು ಮುರಿದಿದ್ದು, ಅಂಥ ಒಂದೋ ಎರಡೋ ಹೇಳುತ್ತಾರೆ. ಅವಿಷ್ಟನ್ನು ಇಟ್ಟುಕೊಳ್ಳಿ, ಅವರಿಗೆ ಒಂದೊಂದು ಉಡುಗೊರೆಯನ್ನೂ. ಮಿಕ್ಕದ್ದು ಇಲ್ಲ ಅಂತ ಈಗಲೇ ಹೇಳಿ. ಆ ದಿನ ಬೆಳಗ್ಗೆ ಎದ್ದು ಹುಡುಕಾಡುವ ಹಾಗೆ ಆಗಬಾರದು.

ಒಂದು ವರ್ಷ ನಾನೂ ಹೀಗೆ ಬಿಟ್ಟಿದ್ದೆ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಬೆಳಗ್ಗೆಯೆಲ್ಲ ಹಾಯಾಗಿರುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಮನೆ ತೀರಾ ನಿಶ್ಶಬ್ದ ಅನಿಸಿ, ಬೇರೆಯವರ ಫೋಟೋಗಳು ಫೋನಿನಲ್ಲಿ ಬರತೊಡಗಿ, ಎಲ್ಲರನ್ನೂ ಬಿಟ್ಟು ಇಲ್ಲಿ ಏನು ಮಾಡ್ತಿದೀನಿ ಅಂತ ಎದೆ ಭಾರವಾಗುತ್ತದೆ. ನಾನು ಆಗ ಎದ್ದು ಬೀರು ತೆಗೆದು ಬೇಡದ ಬಟ್ಟೆಯೆಲ್ಲ ಮಡಚಿಡುತ್ತಾ ಕೂತೆ. ದೀಪ ಹಚ್ಚುವ ಹೊತ್ತಿಗೆ ಕಳೆಯಿತು. ನಿಮಗೂ ಬರುತ್ತದೆ. ಆ ಹೊತ್ತಿಗೆ ಫೋನು ಬೇರೆ ಕೋಣೆಯಲ್ಲಿರಲಿ, ಮಕ್ಕಳ ಜೊತೆ ಹೊರಗೆ ಒಂದು ಸುತ್ತು ನಡೆದು ಬನ್ನಿ.

ಆಗಲೇ ತಂದಿರುವ ಆ ಮೂರು ಉಡುಗೊರೆಗಳನ್ನು ಬೀರುವಿನಲ್ಲಿ ಬಚ್ಚಿಡಬೇಡಿ. ಯಾರಿಗೆ ಅಂತ ತಂದಿರೋ ಅವರಿಗೆ ಮುಂದೆ ಸಿಕ್ಕಾಗ ಕಾಗದ ಸುತ್ತದೆ ಹಾಗೇ ಕೊಟ್ಟುಬಿಡಿ.