ಪುಕ್ಕಟೆ ಪ್ರತಿಮಂತ್ರ, ಊಹೆಗೆ ನಿಲುಕದ ಗುಪ್ತ ಎಲೆ

ಪ್ರಶ್ನೆ: ಡೊಂಬಿವಲಿಯ ನಾವು ನಾಲ್ವರು ಗೆಳೆಯರು ಸೇರಿ, ಪುರಾಣದ ಅಸ್ತ್ರ ಮತ್ತು ಮಂತ್ರಗಳನ್ನು ಆಧರಿಸಿ ಇಬ್ಬರು ಆಡುವ ಕಾರ್ಡ್ ಆಟವೊಂದನ್ನು ರೂಪಿಸುತ್ತಿದ್ದೇವೆ. ಒಬ್ಬೊಬ್ಬರಿಗೆ 40 ಎಲೆಗಳ ಕಟ್ಟು, ಆರಂಭದಲ್ಲಿ ಕೈಗೆ 7 ಎಲೆ. ಎದುರಾಳಿಯ ಯಾವುದೇ ಎಲೆಯನ್ನು ರದ್ದುಪಡಿಸುವ ‘ಪ್ರತಿಮಂತ್ರ’ ಕಟ್ಟಿಗೆ 8 ಇವೆ. ಅದಕ್ಕೆ ಶಕ್ತಿ ವ್ಯಯಿಸಬೇಕಿಲ್ಲ. ಬೋರಲಾಗಿ ಇಟ್ಟು ಆಡುವ ‘ಗುಪ್ತ’ ಎಲೆಗಳು 20 ಬಗೆಯವು. ಆದರೆ ದೊಡ್ಡ ಎಲೆ ಇಳಿಸಲು ಇಬ್ಬರೂ ಹಿಂಜರಿಯುತ್ತಾರೆ, ಗುಪ್ತ ಎಲೆಯನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲಿ ಎಡವಿದ್ದೇವೆ?

ಉತ್ತರ: ನಿಮ್ಮ ಆಟಗಾರರ ಹಿಂಜರಿಕೆ ತಪ್ಪಲ್ಲ, ಲೆಕ್ಕಕ್ಕೆ ಸರಿಯಾಗಿಯೇ ಇದೆ. 40ರಲ್ಲಿ 8 ಪ್ರತಿಮಂತ್ರಗಳಿದ್ದರೆ, ಮೊದಲ 7 ಎಲೆಗಳಲ್ಲಿ ಒಂದಾದರೂ ಇರುವ ಸಂಭವ ನೂರಕ್ಕೆ ಸುಮಾರು 82. ಅದನ್ನೇ 3ಕ್ಕೆ ಇಳಿಸಿದರೆ ಸಂಭವ ಸುಮಾರು 45ಕ್ಕೆ ಬರುತ್ತದೆ. ಆಗ ಎದುರಾಳಿಯ ಕೈಯಲ್ಲಿ ಅದು ಇರಬಹುದು, ಇಲ್ಲದೆಯೂ ಇರಬಹುದು ಎಂಬ ನಿಜವಾದ ಅನುಮಾನ ಹುಟ್ಟುತ್ತದೆ.

ಸಂಖ್ಯೆಗಿಂತ ದೊಡ್ಡ ದೋಷ ಬೆಲೆಯದು. 1993ರಲ್ಲಿ ಬಂದ ಮ್ಯಾಜಿಕ್: ದಿ ಗ್ಯಾದರಿಂಗ್ ಆಟದ ‘ಕೌಂಟರ್‌ಸ್ಪೆಲ್’ ಎಲೆಗೆ, ಅಂದರೆ ಅಲ್ಲಿನ ಪ್ರತಿಮಂತ್ರಕ್ಕೆ, ಎರಡು ನೀಲಿ ಮಾನಾ (ಆ ಆಟದ ಶಕ್ತಿ) ಬೇಕು. ಎದುರಾಳಿಯ ಸರದಿಯಲ್ಲಿ ಅದನ್ನು ಪ್ರಯೋಗಿಸಬೇಕಾದರೆ ತನ್ನ ಸರದಿಯಲ್ಲಿ ಎರಡು ಮಾನಾ ಖರ್ಚು ಮಾಡದೆ ಉಳಿಸಿಕೊಳ್ಳಬೇಕು, ಹಾಗೆ ಉಳಿಸಿದ್ದು ಮೇಜಿನ ಮೇಲೆ ಎಲ್ಲರಿಗೂ ಕಾಣುತ್ತದೆ. ಕಾಯುವವನು ತನ್ನ ಬೆಳವಣಿಗೆಯನ್ನು ಒತ್ತೆಯಿಟ್ಟೇ ಕಾಯುತ್ತಾನೆ, ಎದುರಿಗಿರುವವನಿಗೂ ಸುಳಿವು ಸಿಗುತ್ತದೆ. ಅದೇ ಆಟದಲ್ಲಿ 1996ರಲ್ಲಿ ಬಂದ ‘ಫೋರ್ಸ್ ಆಫ್ ವಿಲ್’ ಎಂಬ ಇನ್ನೊಂದು ಪ್ರತಿಮಂತ್ರದ ಎಲೆಯನ್ನು ಮಾನಾ ಇಲ್ಲದೆಯೂ ಆಡಬಹುದು, ಆದರೆ ಆಗ ಒಂದು ಪ್ರಾಣಾಂಕದ ಜೊತೆಗೆ ಕೈಯಲ್ಲಿರುವ ಇನ್ನೊಂದು ನೀಲಿ ಎಲೆಯನ್ನೂ ತೆರಬೇಕು. ನಿಮ್ಮ ಪ್ರತಿಮಂತ್ರಕ್ಕೆ ಇಂಥ ಯಾವ ನಷ್ಟವೂ ಇಲ್ಲ.

ಇನ್ನು ‘ಯಾವುದೇ ಎಲೆ’ ಎಂಬ ಮಾತನ್ನು ಕೈಬಿಡಿ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ನಾಗಾಸ್ತ್ರಕ್ಕೆ ಗರುಡಾಸ್ತ್ರ ಎಂಬುದು ಯಕ್ಷಗಾನ ನೋಡಿ ಬೆಳೆದ ಯಾರಿಗಾದರೂ ಗೊತ್ತು. ವಸ್ತುವನ್ನು ಪುರಾಣದಿಂದ ತಂದವರು ಅದರೊಳಗೇ ಇದ್ದ ಈ ನಿಯಮವನ್ನು ಹೊರಗೆ ಬಿಟ್ಟದ್ದು ನನಗೆ ಸೋಜಿಗವೆನಿಸಿತು.

ಗುಪ್ತ ಎಲೆಯ ವಿಷಯಕ್ಕೆ ಬಂದರೆ, ಮುಂಬಯಿಯ ಹೋಟೆಲ್ ಕೆಲಸಗಾರರ ಕೋಣೆಗಳಲ್ಲಿ ರಾತ್ರಿ ಕೆಲಸ ಮುಗಿದ ಮೇಲೆ ಆಡುತ್ತಿದ್ದ ಇಪ್ಪತ್ತೆಂಟರ ಆಟವನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಅಂಕಕ್ಕೆ ಕೂಗಿ ಗೆದ್ದವನು ತುರುಪಿನ ಎಲೆಯನ್ನು ಬೋರಲಾಗಿ ಇಡುತ್ತಾನೆ. ಇಳಿದ ಜಾತಿಯ ಎಲೆ ಇಲ್ಲದವನು ಕೇಳಿದಾಗ ಅದು ಬಯಲಾಗುತ್ತದೆ. ಆ ಎಲೆಗೆ ನಾಲ್ಕೇ ಜಾತಿಗಳ ಸಾಧ್ಯತೆ ಇರುವುದರಿಂದಲೇ, ಎಷ್ಟಕ್ಕೆ ಕೂಗಿದ, ಯಾವ ಜಾತಿಯನ್ನು ಇಳಿಸದೆ ಉಳಿಸಿಕೊಂಡ ಎಂಬುದನ್ನು ಗಮನಿಸಿ ಉಳಿದವರು ಊಹಿಸುತ್ತಾ ಆಡುತ್ತಾರೆ. 20 ಬಗೆಗಳಿದ್ದರೆ ಊಹೆಗೆ ಹಿಡಿಯೇ ಸಿಗದು, ಹಾಗಾಗಿ ಆಟಗಾರ ಅದನ್ನು ಮರೆತು ಆಡುತ್ತಾನೆ. ಅವನ್ನು ಐದಕ್ಕೆ ಇಳಿಸಿ, ಒಂದೊಂದೂ ಬೇರೆ ಬೇರೆ ಸಂದರ್ಭದಲ್ಲಿ ತೆರೆದುಕೊಳ್ಳುವಂತೆ ಮಾಡಿ: ಒಂದು ದಾಳಿಗೆ, ಒಂದು ಮಂತ್ರಕ್ಕೆ, ಒಂದು ಹೊಸ ಯೋಧ ಇಳಿದಾಗ, ಹೀಗೆ. ಆಗ ಎದುರಾಳಿ ಮೊದಲು ಕಾಲಾಳೊಬ್ಬನನ್ನು ದಾಳಿಗೆ ಕಳಿಸಿ ನೋಡುತ್ತಾನೆ, ಏನೂ ಆಗದಿದ್ದರೆ ಅಗ್ಗದ ಮಂತ್ರವೊಂದನ್ನು ಪ್ರಯೋಗಿಸಿ ನೋಡುತ್ತಾನೆ, ಆಮೇಲಷ್ಟೇ ಮಹಾರಥಿಯನ್ನು ಇಳಿಸುತ್ತಾನೆ. ಇಟ್ಟವನಿಗೆ ಲಾಭ ತಂದದ್ದು ಎದುರಾಳಿಯ ಈ ತಡವರಿಕೆ. ಎಲೆ ಕೊನೆಗೂ ತೆರೆದುಕೊಳ್ಳದಿದ್ದರೂ ಅದು ವ್ಯರ್ಥವಲ್ಲ. ಐದಕ್ಕೂ ಒಂದೇ ಬೆಲೆ ಇರಲಿ, ಇಲ್ಲವಾದರೆ ಖರ್ಚು ಮಾಡಿದ ಶಕ್ತಿಯೇ ಗುಟ್ಟು ಬಿಟ್ಟುಕೊಡುತ್ತದೆ. ಯು-ಗಿ-ಓ ಎಂಬ ಕಾರ್ಡ್ ಆಟದಲ್ಲಿ ಬೋರಲಿಟ್ಟ ಟ್ರ್ಯಾಪ್ (ಬಲೆ) ಎಲೆಯನ್ನು ಸಾಮಾನ್ಯವಾಗಿ ಇಟ್ಟ ಸರದಿಯಲ್ಲೇ ಪ್ರಯೋಗಿಸುವಂತಿಲ್ಲ. ಎದುರಾಳಿಗೆ ಯೋಚಿಸಲು ಅವಕಾಶ ಕೊಡುವ ಈ ನಿಯಮ ನಿಮಗೂ ಒಪ್ಪುತ್ತದೆ.

ಒಂದರ ಮೇಲೊಂದು ಪ್ರತಿಮಂತ್ರ ಬಿದ್ದರೆ ಕೊನೆಯದು ಮೊದಲು ಫಲಿಸಲಿ; ಮ್ಯಾಜಿಕ್ 1999ರಿಂದ ಈ ಕ್ರಮವನ್ನೇ ಅನುಸರಿಸುತ್ತಿದೆ. ಆಗ್ನೇಯಾಸ್ತ್ರದ ಮೇಲೆ ವಾರುಣಾಸ್ತ್ರ, ಅದರ ಮೇಲೆ ವಾಯವ್ಯಾಸ್ತ್ರ ಬಿತ್ತೆನ್ನಿ: ವಾಯವ್ಯ ವಾರುಣವನ್ನು ತೊಡೆಯುತ್ತದೆ, ಕೆಳಗಿನ ಆಗ್ನೇಯ ಉರಿಯುತ್ತದೆ. ಎಲೆಗಳನ್ನು ಮೇಜಿನ ಮೇಲೆ ಅದೇ ಕ್ರಮದಲ್ಲಿ ಪೇರಿಸಿದರೆ ಜಗಳಕ್ಕೆ ಆಸ್ಪದವಿಲ್ಲ.

ಸಂದರ್ಭ ಒದಗಿದಾಗ ಗುಪ್ತ ಎಲೆಯನ್ನು ತೆರೆಯಲೇಬೇಕೆಂಬ ಕಟ್ಟಳೆ ಬೇಡ. ಕಂಪ್ಯೂಟರಿನಲ್ಲಿ ಆಡುವ ಆಟವಾದರೆ ಯಂತ್ರ ಅದನ್ನು ಮರೆಯದು, ಮೇಜಿನ ಮುಂದೆ ಕೂತ ಮನುಷ್ಯ ಮರೆಯುತ್ತಾನೆ. ಆದರೆ ಆಟ ಮುಗಿದೊಡನೆ ಬೋರಲಿಟ್ಟ ಎಲೆಗಳನ್ನೆಲ್ಲ ಮಗುಚಿ ತೋರಿಸುವುದನ್ನು ಕಡ್ಡಾಯ ಮಾಡಿ. ಗುಪ್ತವಲ್ಲದ ಎಲೆಯನ್ನು ಬೋರಲಿಟ್ಟು ಹೆದರಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ.