ಪಾಲು ಐದು ಕಡೆ ಇರಲಿ, ಕೀಲಿ ನಿಮ್ಮ ಕೈಯಲ್ಲಿರಲಿ

ಪ್ರಶ್ನೆ: ನಾವು ಐದು ಜನ ಗೆಳೆಯರು ಓಪನ್‌ಸಿಮ್ಯುಲೇಟರಿನಲ್ಲಿ (ವರ್ಚುವಲ್ ಲೋಕ ನಡೆಸುವ ತಂತ್ರಾಂಶ) ಇಟಗಿಯ ಮಹಾದೇವ ದೇವಾಲಯವನ್ನೂ ಹಿರೇಬೆಣಕಲ್ಲಿನ ಮೋರೇರ ಗುಡ್ಡದ ಕಲ್ಮನೆಗಳನ್ನೂ ಕಟ್ಟುತ್ತಿದ್ದೇವೆ. ಫೋಟೊ, ಮೆಶ್ (ವಸ್ತುವಿನ ಆಕಾರ), ಟೆಕ್ಸ್ಚರ್ (ಅದರ ಮೇಲ್ಮೈ ಚಿತ್ರ) ಎಲ್ಲ ಸೇರಿ 200 ಜಿಬಿ ಆಗಿದೆ. ಕೊಪ್ಪಳದಲ್ಲಿ ಎರಡು, ಬಳ್ಳಾರಿಯಲ್ಲಿ ಎರಡು, ರಾಯಚೂರಿನಲ್ಲಿ ಒಂದು ಕಂಪ್ಯೂಟರ್ ಇವೆ. ಕ್ಲೌಡಿಗೆ ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಇಲ್ಲ. ಫೈಲುಗಳನ್ನು ಹಲವು ಯಂತ್ರಗಳಲ್ಲಿ ಹಂಚಿಡುವ ಟಾಹೋ-ಎಲ್‌ಎಎಫ್‌ಎಸ್ ತಂತ್ರಾಂಶ ಹಾಕಿ, ಐದನ್ನೂ ಒಂದೇ ಕೋಣೆಯಲ್ಲಿಟ್ಟು ಪರೀಕ್ಷಿಸಿದೆವು. ಐದೂ ಸರ್ವರ್ ಪರದೆಯಲ್ಲಿ ಕಾಣುತ್ತವೆ, ಆದರೆ ಒಂದು ಫೈಲೂ ಏರುತ್ತಿಲ್ಲ. ಏನು ತಪ್ಪಾಗಿದೆ? ಲೋಕಕ್ಕೆ ಮೆಶ್, ಟೆಕ್ಸ್ಚರ್ ಒದಗಿಸುವ ಅಸೆಟ್ ಸರ್ವರನ್ನೇ ಇದರ ಮೇಲೆ ಕೂರಿಸಬಹುದೇ? (ಕೊಪ್ಪಳ)

ಉತ್ತರ: ನಿಮ್ಮ ಯಂತ್ರಗಳಲ್ಲಿ ದೋಷವಿಲ್ಲ, ಲೆಕ್ಕದಲ್ಲಿದೆ. ಟಾಹೋ ಪ್ರತಿ ಫೈಲನ್ನು ಮೊದಲು ನಿಮ್ಮ ಕಂಪ್ಯೂಟರಿನಲ್ಲೇ ಗೂಢಲಿಪಿಗೆ ತಿರುಗಿಸುತ್ತದೆ. ಆಮೇಲೆ ಅದನ್ನು ಪಾಲುಗಳಾಗಿ ಒಡೆದು ಬೇರೆ ಬೇರೆ ಸರ್ವರಿಗೆ ಕಳಿಸುತ್ತದೆ. ನೀವು ಏನನ್ನೂ ಬದಲಿಸದಿದ್ದರೆ ಹತ್ತು ಪಾಲು ಮಾಡುತ್ತದೆ, ಅದರಲ್ಲಿ ಯಾವ ಮೂರು ಸಿಕ್ಕರೂ ಫೈಲ್ ಪೂರ್ತಿ ಮರಳುತ್ತದೆ. ಇವೆರಡರ ಜೊತೆ ‘ಹ್ಯಾಪಿ’ ಎಂಬ ಮೂರನೆಯ ಅಂಕಿಯೊಂದಿದೆ. ಪಾಲುಗಳು ಕನಿಷ್ಠ ಎಷ್ಟು ಬೇರೆ ಬೇರೆ ಸರ್ವರುಗಳ ಮೇಲೆ ಕೂರಬೇಕು ಎಂಬುದನ್ನು ಅದು ಹೇಳುತ್ತದೆ. ಅದರ ಮೊದಲ ಬೆಲೆ 7. ನಿಮ್ಮಲ್ಲಿ ಇರುವುದೇ ಐದು. ಹಾಗಾಗಿ ಟಾಹೋ ಅಪ್‌ಲೋಡನ್ನು ನಿರಾಕರಿಸುತ್ತದೆ. ಅದು ಸರಿಯಾದ ನಿರಾಕರಣೆ: ಎಲ್ಲ ಪಾಲನ್ನೂ ಎರಡೇ ಯಂತ್ರಗಳಲ್ಲಿ ತುಂಬಿ ‘ಸುರಕ್ಷಿತವಾಗಿದೆ’ ಎಂದು ನಂಬಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಫೈಲ್ ಏರಿಸುವ ಪ್ರತಿ ಯಂತ್ರದಲ್ಲೂ ಟಾಹೋ.ಸಿಎಫ್‌ಜಿ ಎಂಬ ಫೈಲನ್ನು ತೆರೆದು, ಕ್ಲೈಂಟ್ ವಿಭಾಗದಲ್ಲಿ ಮೂರು ಅಂಕಿ ಬದಲಿಸಿ: ಬೇಕಾದ ಪಾಲು 3, ಹ್ಯಾಪಿ 4, ಒಟ್ಟು 5. ಬಳಿಕ ನೋಡನ್ನು (ಆ ಯಂತ್ರದಲ್ಲಿ ಓಡುವ ಟಾಹೋ) ನಿಲ್ಲಿಸಿ ಮತ್ತೆ ಓಡಿಸಿ. ಈ ಅಂಕಿಗಳು ನಿಮ್ಮ ಮೂರು ಊರಿಗೆ ಹೊಂದುತ್ತವೆ. ಐದೂ ಯಂತ್ರ ಓಡುವಾಗ ಏರಿಸಿದ ಫೈಲಿಗೆ, ಒಂದು ಊರಿನ ಕರೆಂಟು ಪೂರ್ತಿ ಹೋದರೂ ಕಳೆಯುವುದು ಹೆಚ್ಚೆಂದರೆ ಎರಡು ಪಾಲು, ಉಳಿದ ಮೂರರಿಂದ ಓದು ನಡೆಯುತ್ತದೆ. ಎರಡು ಯಂತ್ರ ಕೆಟ್ಟ ಹೊತ್ತಿನಲ್ಲಿ ಹೊಸ ಅಪ್‌ಲೋಡ್ ಮಾತ್ರ ನಿಲ್ಲುತ್ತದೆ. ‘ಹ್ಯಾಪಿ’ಯನ್ನು 3ಕ್ಕೆ ಇಳಿಸಿದರೆ ಆಗಲೂ ಏರುತ್ತದಲ್ಲ ಎಂದು ಅನಿಸಬಹುದು. ಹಾಗೆ ಏರಿದ ಫೈಲಿನ ಐದೂ ಪಾಲು ಮೂರೇ ಯಂತ್ರಗಳಲ್ಲಿ ಕೂರುತ್ತವೆ. ಅವುಗಳಲ್ಲಿ ಎರಡು ಡಿಸ್ಕ್ ಸತ್ತರೆ ಫೈಲೂ ಸತ್ತಂತೆ. ಇಳಿಸಬೇಡಿ.

ಜಾಗದ ಲೆಕ್ಕ ಹೀಗೆ: ಒಟ್ಟು ಐದು ಪಾಲು, ಪ್ರತಿ ಪಾಲು ಮೂಲ ಫೈಲಿನ ಮೂರನೇ ಒಂದು ಭಾಗ. 200 ಜಿಬಿಗೆ ಒಟ್ಟು ಸುಮಾರು 333 ಜಿಬಿ ಬೇಕು, ಅಂದರೆ ಯಂತ್ರಕ್ಕೆ 67 ಜಿಬಿ. ಮುಂದಿನ ಬೆಳವಣಿಗೆಗೂ ಸೇರಿಸಿ ಯಂತ್ರಕ್ಕೆ 250 ಜಿಬಿ ಬಿಟ್ಟುಕೊಡಿ. ಸ್ಟೋರೇಜ್ ವಿಭಾಗದಲ್ಲಿ ಕಾಯ್ದಿಡುವ ಜಾಗವನ್ನು 20 ಜಿಬಿ ಎಂದು ಬರೆಯಿರಿ. ಡಿಸ್ಕಿನಲ್ಲಿ ಅಷ್ಟೇ ಉಳಿದಾಗ ಆ ಸರ್ವರ್ ಹೊಸ ಪಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಇರುವುದನ್ನು ಕೊಡುತ್ತಲೇ ಇರುತ್ತದೆ. ಇದನ್ನು ಮರೆತರೆ ಡಿಸ್ಕ್ ಗಂಟಲಮಟ್ಟ ತುಂಬಿ, ಕಂಪ್ಯೂಟರೇ ಸ್ತಬ್ಧವಾಗುತ್ತದೆ.

ಐದೂ ಯಂತ್ರ ಒಂದೇ ಕೋಣೆಯಲ್ಲಿವೆ ಎಂದಿರಿ. ಅವನ್ನು ಊರಿಗೆ ಒಯ್ಯುವ ಮೊದಲೇ ಪೂರ್ತಿ 200 ಜಿಬಿ ಏರಿಸಿಬಿಡಿ. ಬೇರೆ ಊರುಗಳಿಗೆ ಹೋದ ಮೇಲೆ ಏರಿಸಿದರೆ, ನಿಮ್ಮ ಯಂತ್ರದಲ್ಲೇ ಕೂರುವ ಒಂದು ಪಾಲು ಬಿಟ್ಟು ಉಳಿದ ನಾಲ್ಕು, ಅಂದರೆ 267 ಜಿಬಿ, ಹೊರಗೆ ಹೋಗಬೇಕು. 10 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಅದು ಎಲ್ಲೂ ನಿಲ್ಲದೆ ಓಡಿದರೂ ಎರಡೂವರೆ ದಿನದ ಕೆಲಸ. ಗಿಗಾಬಿಟ್ ಸ್ವಿಚ್ಚಿಗೆ ಕೇಬಲ್ ಚುಚ್ಚಿದರೆ ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲೆ ಯಂತ್ರವನ್ನು ಊರಿಗೆ ಒಯ್ದರೂ ಪಾಲುಗಳಿಗೆ ಏನೂ ಆಗದು. ಟಾಹೋ ಸರ್ವರನ್ನು ಐಪಿ ವಿಳಾಸದಿಂದ ಗುರುತಿಸುವುದಿಲ್ಲ, ಅದರ ಸ್ವಂತ ಪ್ರಮಾಣಪತ್ರದಿಂದ ಗುರುತಿಸುತ್ತದೆ.

ಊರಿಗೆ ಹೋದ ಮೇಲೆ ಬರುವ ತೊಂದರೆ ಬೇರೆ. ಮನೆಯ ಫೈಬರ್ ರೂಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಆರಂಭವಾಗಿದ್ದರೆ ನಿಮಗೆ ಸ್ವಂತ ಪಬ್ಲಿಕ್ ವಿಳಾಸವಿಲ್ಲ, ಹೊರಗಿನಿಂದ ಯಾರೂ ನಿಮ್ಮ ಸರ್ವರನ್ನು ಮುಟ್ಟಲಾರರು. ಪೋರ್ಟ್ ಫಾರ್ವರ್ಡಿಂಗ್ ಮಾಡಿ ಫಲವಿಲ್ಲ. ಸ್ಥಿರ ವಿಳಾಸವಿರುವ ಒಂದು ಸಣ್ಣ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಸಾಕು. ಅದರಲ್ಲಿ ವೈರ್‌ಗಾರ್ಡ್ (ಯಂತ್ರಗಳನ್ನು ಖಾಸಗಿ ಜಾಲವಾಗಿ ಬೆಸೆಯುವ ತಂತ್ರಾಂಶ) ಹಾಕಿ, ಐದೂ ಯಂತ್ರಗಳನ್ನು ಅದಕ್ಕೆ ಸೇರಿಸಿ, ಸಂಪರ್ಕ ಕಡಿಯದಂತೆ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಟಾಹೋದ ಇಂಟ್ರೊಡ್ಯೂಸರ್ ಕೂಡ ಅಲ್ಲೇ ಓಡಲಿ. ಯಾರು ಎಲ್ಲಿದ್ದಾರೆ ಎಂದು ತಿಳಿಸುವುದಷ್ಟೇ ಅದರ ಕೆಲಸ. ಅದರ ಬಳಿ ಫೈಲಿಲ್ಲ, ಕೀಲಿಯೂ ಇಲ್ಲ. ಆದರೆ ಅದರ ‘ಫರ್ಲ್’ ಎಂಬ ಉದ್ದ ಸಾಲು ಸಿಕ್ಕವರು ನಿಮ್ಮ ಡಿಸ್ಕುಗಳಲ್ಲಿ ತಮ್ಮ ಸಾಮಾನು ತುಂಬಬಹುದು. ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಪ್ರತಿ ಸರ್ವರಿನ ಟಬ್.ಲೊಕೇಶನ್ ಸಾಲಿನಲ್ಲಿ ಮನೆಯ ಒಳವಿಳಾಸ, ವೈರ್‌ಗಾರ್ಡ್ ವಿಳಾಸ ಎರಡನ್ನೂ ಅಲ್ಪವಿರಾಮ ಹಾಕಿ ಬರೆಯಿರಿ. ಆಗ ಒಂದೇ ಮನೆಯಲ್ಲಿರುವ ಯಂತ್ರಗಳು ವಿಪಿಎಸ್ ಸುತ್ತಿಬರದೆ ನೇರ ಮಾತಾಡುತ್ತವೆ.

ಇನ್ನು ಅಸೆಟ್ ಸರ್ವರ್ ಮಾತು. ಅದನ್ನು ಟಾಹೋ ಮೇಲೆ ಕೂರಿಸಬೇಡಿ. ಒಬ್ಬರು ನಿಮ್ಮ ಇಟಗಿಯೊಳಗೆ ಕಾಲಿಟ್ಟರೆ ನೂರಾರು ಸಣ್ಣ ಸಣ್ಣ ಟೆಕ್ಸ್ಚರ್, ಮೆಶ್ ಒಮ್ಮೆಗೇ ಬೇಕಾಗುತ್ತವೆ. ಟಾಹೋ ಪ್ರತಿಯೊಂದಕ್ಕೂ ‘ಪಾಲು ಯಾರ ಬಳಿ ಇದೆ’ ಎಂದು ಕೇಳಿ, ಮೂರು ಕಡೆಯಿಂದ ತಂದು, ಜೋಡಿಸಿ ಕೊಡಬೇಕು. ಆ ಮೂರರಲ್ಲಿ ಅತಿ ನಿಧಾನದ್ದರ ವೇಗವೇ ನಿಮ್ಮ ವೇಗ. ಬಂದವರು ಬೂದುಬಣ್ಣದ ಕಂಬಗಳನ್ನು ನೋಡುತ್ತ ನಿಲ್ಲುತ್ತಾರೆ. ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು, ದಿನದ ಅಡುಗೆಗೆ ಬೇಕಾದಷ್ಟನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಟಾಹೋವನ್ನು ಹಗೇವು ಎಂದೇ ತಿಳಿಯಿರಿ. ಓಡುವ ಲೋಕದ ಅಸೆಟ್‌ಗಳು ಸ್ಥಳೀಯ ಎಸ್‌ಎಸ್‌ಡಿಯಲ್ಲಿರಲಿ.

ಹಗೇವು ತುಂಬುವ ಕ್ರಮಕ್ಕೆ ಓಪನ್‌ಸಿಮ್ಯುಲೇಟರಿನ ಎಫ್‌ಎಸ್‌ಅಸೆಟ್ಸ್ ಎಂಬ ಅಸೆಟ್ ಸೇವೆ ಬಹಳ ಹೊಂದುತ್ತದೆ. ಡೇಟಾಬೇಸಿನ ಒಳಗೆ ಅಸೆಟ್ ತುರುಕುವ ಹಳೆಯ ರೀತಿಯಲ್ಲಿ ಡೇಟಾಬೇಸ್ ಉಬ್ಬುತ್ತದೆ, ದಿನಾ ಪೂರ್ತಿ ನಕಲು ತೆಗೆಯಬೇಕು. ಎಫ್‌ಎಸ್‌ಅಸೆಟ್ಸ್ ಪ್ರತಿ ಅಸೆಟನ್ನು ಅದರ ಎಸ್‌ಎಚ್‌ಎ-256 ಮೊತ್ತದ (ಒಳಗಿನ ಡೇಟಾದಿಂದಲೇ ಲೆಕ್ಕ ಹಾಕಿದ ಬೆರಳಚ್ಚು) ಹೆಸರಿನಲ್ಲಿ ಬೇರೆ ಫೈಲಾಗಿ ಇಡುತ್ತದೆ. ಒಂದೇ ಕಲ್ಲಿನ ಟೆಕ್ಸ್ಚರನ್ನು ಹತ್ತು ಜನ ಏರಿಸಿದರೂ ಡಿಸ್ಕಿನಲ್ಲಿ ಒಂದೇ ಪ್ರತಿ. ಒಮ್ಮೆ ಬರೆದ ಫೈಲ್ ಬದಲಾಗುವುದಿಲ್ಲ. ಹಾಗಾಗಿ ‘ಟಾಹೋ ಬ್ಯಾಕಪ್’ ಆಜ್ಞೆ ಕೊಟ್ಟರೆ ಹಿಂದೆ ಹೋದದ್ದನ್ನು ಬಿಟ್ಟು ಹೊಸದನ್ನಷ್ಟೇ ಕಳಿಸುತ್ತದೆ. ದಿನದ ಕ್ರಮ ಹೀಗಿರಲಿ: ಮೊದಲು ಮೈಎಸ್‌ಕ್ಯೂಎಲ್ ಡಂಪ್ (ಡೇಟಾಬೇಸಿನ ನಕಲು), ಆಮೇಲೆ ಹೊಸ ಅಸೆಟ್‌ಗಳು ಮೊದಲು ತಂಗುವ ಸ್ಪೂಲ್ ಫೋಲ್ಡರ್, ಕೊನೆಗೆ ಅಸೆಟ್ ಫೋಲ್ಡರ್. ಯಾವ ಅಸೆಟಿಗೆ ಯಾವ ಫೈಲ್ ಎಂಬ ನಂಟು ಇರುವುದು ಡೇಟಾಬೇಸಿನಲ್ಲಿ. ಡಂಪ್ ಇಲ್ಲದಿದ್ದರೆ ಫೈಲುಗಳೆಲ್ಲ ಇದ್ದೂ ಅನಾಥ. ಡಂಪನ್ನು ಮೊದಲು ತೆಗೆದರೆ ಅದರಲ್ಲಿ ಹೆಸರಿರುವ ಪ್ರತಿ ಫೈಲೂ ಆಮೇಲಿನ ನಕಲಿನಲ್ಲಿ ಸಿಗುತ್ತದೆ. ಈ ಕ್ರಮ ತಿರುಗಿಸಬೇಡಿ.

ಲೋಕದ ಒಂದು ಪ್ರದೇಶವನ್ನು ಪೂರ್ತಿ ಕಟ್ಟಿಡುವ ಓಎಆರ್ ಕಡತವನ್ನು ದಿನಾ ಏರಿಸುವ ಅಭ್ಯಾಸ ಇದ್ದರೆ ಬಿಡಿ. ಅದು ಒತ್ತಿ ಕಟ್ಟಿದ ಒಂದೇ ಗಂಟು. ಒಂದು ಕಂಬ ಸರಿಸಿದರೂ ಟಾಹೋ ಕಣ್ಣಿಗೆ ಇಡೀ ಗಂಟು ಹೊಸದು. ತಿಂಗಳಿಗೊಂದು ಸಾಕು.

ಕೀಲಿಯ ವಿಷಯವನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಕೆಲಸ ಶುರು ಮಾಡುವಾಗ ಇದನ್ನೇ ಮೊದಲು ಮಾಡಿ. ಅಲಿಯಾಸ್ (ಫೋಲ್ಡರಿಗೆ ನೀವಿಡುವ ಅಡ್ಡಹೆಸರು) ರಚಿಸಿದಾಗ ಟಾಹೋ ‘ಯುಆರ್‌ಐ’ ಎಂದು ಶುರುವಾಗುವ ಉದ್ದ ಸಾಲೊಂದನ್ನು ಪ್ರೈವೇಟ್ ಫೋಲ್ಡರಿನ ಅಲಿಯಾಸಸ್ ಫೈಲಿನಲ್ಲಿ ಬರೆದಿಡುತ್ತದೆ. ಇದೇ ಕ್ಯಾಪ್. ವಿಳಾಸವೂ ಅದೇ, ಕೀಲಿಯೂ ಅದೇ. ಐದೂ ಡಿಸ್ಕ್ ಗಟ್ಟಿಯಾಗಿದ್ದು ಈ ಸಾಲು ಕಳೆದುಹೋದರೆ ಟಾಹೋ ಬರೆದವರಿಂದಲೂ ನಿಮ್ಮ ಇಟಗಿಯನ್ನು ಹೊರಗೆ ತೆಗೆಯಲಾಗದು. ಪಾಸ್‌ವರ್ಡ್ ಮರೆತವರಿಗೆ ಇರುವ ದಾರಿ ಇಲ್ಲಿಲ್ಲ. ಕಾಗದದ ಮೇಲೆ ಮುದ್ರಿಸಿ, ಎರಡು ಊರಿನಲ್ಲಿ, ನೀವು ನಂಬುವ ಇಬ್ಬರ ಮನೆಯ ಬೀರುವಿನಲ್ಲಿಡಿ. ಬೇರೆಯವರಿಗೆ ತೋರಿಸಬೇಕಾದಾಗ ಓದುವ ಕ್ಯಾಪ್ ಮಾತ್ರ ಕೊಡಿ, ಬರೆಯುವ ಕ್ಯಾಪ್ ಬೇಡ.

ಒಂದು ಫೋಲ್ಡರಿಗೆ ಒಬ್ಬರೇ ಬರೆಯಲಿ. ಇಬ್ಬರು ಒಂದೇ ಹೊತ್ತಿಗೆ ಒಂದೇ ಫೋಲ್ಡರ್ ಬದಲಿಸಿದರೆ ಟಾಹೋ ಘರ್ಷಣೆಯ ದೋಷ ತೋರಿಸುತ್ತದೆ, ಒಬ್ಬರ ಬದಲಾವಣೆ ಕಳೆದುಹೋಗಬಹುದು. ಐದು ಜನಕ್ಕೆ ಐದು ಫೋಲ್ಡರ್ ಮಾಡಿ, ಓದುವ ಕ್ಯಾಪ್ ಪರಸ್ಪರ ಹಂಚಿಕೊಳ್ಳಿ.

ವಾರಕ್ಕೊಮ್ಮೆ ಡೀಪ್-ಚೆಕ್ ಆಜ್ಞೆಯನ್ನು ರಿಪೇರ್ ಮತ್ತು ಆ್ಯಡ್-ಲೀಸ್ ಆಯ್ಕೆಗಳೊಂದಿಗೆ ಓಡಿಸಿ. ಕಳೆದ ಪಾಲನ್ನು ಅದು ಹೊಸದಾಗಿ ಮಾಡಿ ಕೂರಿಸುತ್ತದೆ. ಲೀಸ್, ಅಂದರೆ ಪಾಲನ್ನು ಇಟ್ಟುಕೊಳ್ಳುವ ಒಪ್ಪಂದ, ಅದರ ಅವಧಿ 31 ದಿನ. ಅವಧಿ ಮುಗಿದದ್ದನ್ನು ಅಳಿಸುವ ಸೌಲಭ್ಯ ಮೊದಲಿನಿಂದಲೇ ಮುಚ್ಚಿರುತ್ತದೆ. ಮುಚ್ಚಿಯೇ ಇರಲಿ. ತೆರೆದಿಟ್ಟರೆ, ಪರೀಕ್ಷೆ, ರಜೆ ಎಂದು ಯಾರಾದರೂ ಒಂದೂವರೆ ತಿಂಗಳು ಆಜ್ಞೆ ಓಡಿಸದಿದ್ದರೆ ಅವರ ಫೈಲುಗಳೇ ಕಸವಾಗುತ್ತವೆ.

ಕರೆಂಟು ಹೋದಾಗ ಅರ್ಧ ಏರಿದ ಪಾಲು ‘ಇನ್‌ಕಮಿಂಗ್’ ಫೋಲ್ಡರಿನಲ್ಲೇ ಉಳಿಯುತ್ತದೆ, ಪೂರ್ತಿಯಾದದ್ದಕ್ಕೆ ಧಕ್ಕೆಯಿಲ್ಲ. ಬಯೋಸಿನಲ್ಲಿ ವಿದ್ಯುತ್ ಮರಳಿದಾಗ ತಾನೇ ಆನ್ ಆಗುವ ಆಯ್ಕೆ ಹಾಕಿ, ನೋಡ್ ತಾನೇ ಶುರುವಾಗುವಂತೆ ಅದನ್ನು ಸಿಸ್ಟಮ್‌ಡಿ ಸೇವೆಯಾಗಿ ಮಾಡಿ. ರೂಟರಿಗೂ ಇನ್ವರ್ಟರ್ ಕೊಡಿ, ಬಹಳ ಜನ ಅದನ್ನೇ ಮರೆಯುತ್ತಾರೆ. ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ದಾಟುತ್ತದೆ. ಸ್ಮಾರ್ಟ್‌ಸಿಟಿಎಲ್ ಆಜ್ಞೆಯಿಂದ ಡಿಸ್ಕಿನ ಬಿಸಿ ನೋಡುತ್ತಿರಿ, 50 ದಾಟದಂತೆ ಫ್ಯಾನ್ ಇಡಿ.

ಪ್ರಶ್ನೆ: ಇದಕ್ಕೆಲ್ಲ, ಯಂತ್ರಗಳು ನೇರವಾಗಿ ಫೈಲ್ ಹಂಚಿಕೊಳ್ಳುವ ಐಪಿಎಫ್‌ಎಸ್ ಜಾಲ ಸುಲಭವಲ್ಲವೇ? (ರಾಯಚೂರು)

ಉತ್ತರ: ಹಾಕುವುದಕ್ಕೆ ಸುಲಭ, ಆದರೆ ಅದರ ಉದ್ದೇಶವೇ ಬೇರೆ. ಐಪಿಎಫ್‌ಎಸ್ ತಾನಾಗಿ ಫೈಲನ್ನು ಗೂಢಲಿಪಿಗೆ ತಿರುಗಿಸುವುದಿಲ್ಲ. ಸಿಐಡಿ (ಫೈಲಿನ ವಿಳಾಸ) ಗೊತ್ತಾದ ಯಾರಾದರೂ ಇಳಿಸಿಕೊಳ್ಳಬಹುದು. ಯಾರೂ ಪಿನ್ ಮಾಡದ (ಉಳಿಸಿಕೊಳ್ಳುವಂತೆ ಗುರುತಿಸದ) ಫೈಲ್ ಕಾಲಕ್ರಮದಲ್ಲಿ ಅಳಿಸಿಹೋಗಬಹುದು, ಪಾಲು ಮಾಡಿ ದುರಸ್ತಿ ಮಾಡುವ ವ್ಯವಸ್ಥೆ ಅದರೊಳಗಿಲ್ಲ. ಎಲ್ಲರಿಗೂ ಹಂಚಲೆಂದೇ ಮಾಡಿದ ಮಾದರಿಗೆ ಅದು ಒಳ್ಳೆಯದು. ನಿಮ್ಮಲ್ಲಿ ಇರುವುದೇ ಎರಡು ಯಂತ್ರವಾದರೆ ಟಾಹೋ ಕೂಡ ಬೇಡ. ಎರಡು ಯಂತ್ರಗಳ ಫೋಲ್ಡರನ್ನು ಒಂದೇ ರೀತಿ ಇಡುವ ಸಿಂಕ್‌ಥಿಂಗ್ ಹಾಕಿ, ಎರಡನೆಯ ಯಂತ್ರ ಪರರ ಮನೆಯಲ್ಲಿದ್ದರೆ ಗೂಢಲಿಪಿಯ ಫೋಲ್ಡರ್ ಆಯ್ಕೆ ಬಳಸಿ. ಜೊತೆಗೆ ಫೈಲ್ ಆವೃತ್ತಿಗಳನ್ನು ಉಳಿಸುವ ಆಯ್ಕೆಯನ್ನೂ ಹಾಕಿ. ಇಲ್ಲದಿದ್ದರೆ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ.

ಪ್ರಶ್ನೆ: ವರ್ಚುವಲ್ ಲೋಕದಲ್ಲಿ ಅವತಾರಗಳಿಗೆ ಜೀನ್ಸ್ ವಿನ್ಯಾಸ ಮಾಡಿ ಮಾರುತ್ತೇನೆ. ಟಾಹೋದಲ್ಲಿಟ್ಟರೆ ಯಾರೂ ಕದಿಯಲಾರರಲ್ಲವೇ? ಒಬ್ಬ ಪಾಲುದಾರರಿಗೆ ಓದುವ ಕ್ಯಾಪ್ ಕೊಟ್ಟಿದ್ದೆ, ಈಗ ವಾಪಸ್ ಪಡೆಯಬೇಕು. (ಬಳ್ಳಾರಿ)

ಉತ್ತರ: ನಿಮ್ಮ ಮೂಲ ಫೈಲುಗಳು, ಲೇಯರ್ ಇರುವ ಟೆಕ್ಸ್ಚರ್, ಬ್ಲೆಂಡರ್ ಫೈಲ್, ಇವು ಸುರಕ್ಷಿತ. ಡಿಸ್ಕ್ ಇಟ್ಟುಕೊಂಡವರಿಗೂ ಅದರೊಳಗೇನಿದೆ ಎಂದು ತಿಳಿಯದು. ಆದರೆ ಲೋಕದಲ್ಲಿ ಅವತಾರ ಆ ಜೀನ್ಸ್ ತೊಟ್ಟ ಗಳಿಗೆಯಲ್ಲಿ ಮೆಶ್ ಮತ್ತು ಟೆಕ್ಸ್ಚರ್ ನೋಡುವವರ ವ್ಯೂವರಿಗೆ (ಲೋಕವನ್ನು ತೋರಿಸುವ ತಂತ್ರಾಂಶ) ಇಳಿದು, ಅವರ ಕ್ಯಾಷ್‌ನಲ್ಲಿ ಕೂರುತ್ತವೆ. ಅಲ್ಲಿಂದ ನಕಲು ಮಾಡುವುದನ್ನು ಯಾವ ಸಂಗ್ರಹ ವ್ಯವಸ್ಥೆಯೂ ತಡೆಯಲಾರದು. ಲೋಕಕ್ಕೆ ಏರಿಸುವ ಪ್ರತಿಯನ್ನು ಬೇಕಾದಷ್ಟೇ ಸೂಕ್ಷ್ಮತೆಯಲ್ಲಿ ಕೊಡಿ, ಮೂಲವನ್ನು ದಿನಾಂಕದೊಂದಿಗೆ ಕಾಪಾಡಿ. ತಕರಾರು ಬಂದರೆ ಮೂಲ ಯಾರದೆಂದು ತೋರಿಸಲು ಅದು ನೆರವಾಗುತ್ತದೆ.

ಕೊಟ್ಟ ಕ್ಯಾಪನ್ನು ಹಿಂಪಡೆಯಲು ಆಗುವುದಿಲ್ಲ. ಹೊಸ ಫೋಲ್ಡರ್ ಮಾಡಿ ಅದೇ ಫೈಲುಗಳನ್ನು ಮತ್ತೆ ಏರಿಸಿದರೂ ಸಾಲದು. ಪ್ರೈವೇಟ್ ಫೋಲ್ಡರಿನ ಕನ್ವರ್ಜೆನ್ಸ್ ಗುಟ್ಟು (ಫೈಲಿನ ಕೀಲಿ ಹುಟ್ಟಿಸಲು ಟಾಹೋ ಬಳಸುವ ರಹಸ್ಯ ಸಾಲು) ಹಳೆಯದೇ ಇದ್ದರೆ, ಅದೇ ಫೈಲಿಗೆ ಅದೇ ಕ್ಯಾಪ್ ಮತ್ತೆ ಹುಟ್ಟುತ್ತದೆ, ಅವರ ಬಳಿಯಿರುವುದು ಮೊದಲಿನಂತೆಯೇ ಕೆಲಸ ಮಾಡುತ್ತದೆ. ನೋಡನ್ನು ನಿಲ್ಲಿಸಿ, ಆ ಗುಟ್ಟಿನ ಫೈಲನ್ನು ಬೇರೆಡೆ ಸರಿಸಿ, ಮತ್ತೆ ಓಡಿಸಿ. ಟಾಹೋ ಹೊಸದೊಂದನ್ನು ಮಾಡಿಕೊಳ್ಳುತ್ತದೆ. ಅನಂತರ ಹೊಸ ಫೋಲ್ಡರಿಗೆ ಏರಿಸಿ, ಹಳೆಯ ಪಾಲುಗಳನ್ನು ಸರ್ವರುಗಳಿಂದ ತೆಗೆಸಿ. ಅವರು ಈ ಮೊದಲೇ ಇಳಿಸಿಕೊಂಡಿದ್ದರೆ ಆ ಪ್ರತಿ ಅವರ ಬಳಿ ಉಳಿಯುತ್ತದೆ.